ರೇ ಚಾರ್ಲ್ಸ್: ಚರ್ಚಿನ ಧಾಟಿ, ಲೋಕದ ಮಾತು

ಸೋಲ್ ಸಂಗೀತ (ಚರ್ಚಿನ ಧಾಟಿಯಲ್ಲಿ ಲೋಕದ ಮಾತು ಹಾಡುವ ಕರಿಯ ಅಮೆರಿಕನ್ನರ ಪ್ರಕಾರ) ಇಂಥ ದಿನವೇ ಹುಟ್ಟಿತು ಎನ್ನಲಾಗದು. ಓದುವಾಗ ಒಂದು ಗುರುತು ಬೇಕೆಂದರೆ 1954ರ ನವೆಂಬರ್ ಇಟ್ಟುಕೊಳ್ಳಿ. ಅಮೆರಿಕದ ಅಟ್ಲಾಂಟಾದ ರೇಡಿಯೋ ಕೇಂದ್ರವೊಂದರಲ್ಲಿ ಗಾಯಕ, ಪಿಯಾನೋ ವಾದಕ ರೇ ಚಾರ್ಲ್ಸ್ ‘ಐ ಗಾಟ್ ಎ ವುಮನ್’ ಮುದ್ರಿಸಿದ ತಿಂಗಳು ಅದು.

ಹಿನ್ನೆಲೆ ಚುಟುಕಾಗಿ: ಹುಟ್ಟಿದ್ದು 1930ರಲ್ಲಿ, ಜಾರ್ಜಿಯಾದ ಆಲ್ಬನಿಯಲ್ಲಿ, ಬೆಳೆದದ್ದು ಫ್ಲಾರಿಡಾದಲ್ಲಿ. ಏಳರ ವಯಸ್ಸಿಗೆ ದೃಷ್ಟಿ ಪೂರ್ತಿ ಹೋಗಿತ್ತು. ಸೇಂಟ್ ಆಗಸ್ಟೀನ್‌ನ ವಿಶೇಷ ಶಾಲೆಯಲ್ಲಿ ಬ್ರೈಲ್ ಸ್ವರಲಿಪಿ ಕಲಿತರು. ಬ್ರೈಲ್ ಓದಲು ಒಂದು ಕೈ ಬೇಕು, ನುಡಿಸಲು ಉಳಿಯುವುದು ಇನ್ನೊಂದೇ. ಹಾಗಾಗಿ ಎರಡೂ ಕೈ ಕೂಡಿಸುವ ಹೊತ್ತಿಗೆ ಪಾಠ ಕಂಠಸ್ಥವಾಗಿರಲೇಬೇಕು. ಮುಂದೆ ಇಡೀ ವಾದ್ಯವೃಂದದ ಸ್ವರಗಳನ್ನು ಬಾಯಲ್ಲೇ ಹೇಳಿ ಬರೆಸುತ್ತಿದ್ದುದಕ್ಕೆ ಬೇರು ಇಲ್ಲಿದೆ.

ಮೊದಮೊದಲ ಮುದ್ರಿಕೆಗಳಲ್ಲಿ ಆಗಿನ ಹೆಸರಾಂತ ಗಾಯಕರಾದ ನ್ಯಾಟ್ ಕಿಂಗ್ ಕೋಲ್, ಚಾರ್ಲ್ಸ್ ಬ್ರೌನ್ ಅವರ ಛಾಯೆ ದಟ್ಟ. ಒಳ್ಳೆಯ ಹಾಡುಗಾರಿಕೆ, ಆದರೆ ಎರವಲು ದನಿ. 1954ರಲ್ಲಿ ಆದದ್ದಿಷ್ಟು: ಸದರ್ನ್ ಟೋನ್ಸ್ ತಂಡದ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಹಾಡೊಂದರ ಧಾಟಿ ಹಿಡಿದು, ಯೇಸುವಿದ್ದ ಜಾಗದಲ್ಲಿ ಪ್ರೇಯಸಿಯನ್ನು ಇಟ್ಟರು. 1955ರಲ್ಲಿ ಆ ಹಾಡು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಕರಿಯರ ನೋವು-ನಲಿವಿನ ಲೌಕಿಕ ಹಾಡಾದ ಬ್ಲೂಸ್‌ನ ಹಿರಿಯ ಬಿಗ್ ಬಿಲ್ ಬ್ರೂನ್ಜಿಯವರಿಗೇ ಈ ಬೆರಕೆ ಹಿಡಿಸಲಿಲ್ಲ. ಚರ್ಚಿನವರ ಸಿಟ್ಟನ್ನು ಹೇಳುವುದೇ ಬೇಡ.

ಇಲ್ಲಿ ಅನೇಕರು ಎಡವುತ್ತಾರೆ: ‘ಗಾಸ್ಪೆಲ್‌ಗೆ ಬ್ಲೂಸ್ ಸೇರಿದರೆ ಸೋಲ್’ ಎಂದು ಬರೆದು ಮುಗಿಸುತ್ತಾರೆ. ಯಾವುದರಿಂದ ಏನು ಬಂತು ಎಂದು ಬಿಡಿಸಬೇಕು. 1959ರ ‘ವಾಟ್ಡ್ ಐ ಸೇ’ ಇದಕ್ಕೆ ತಕ್ಕ ಪಾಠ. ಅದರ ಮೈಕಟ್ಟು 12 ಬಾರ್ (ತಾಳದ ಆವರ್ತ) ಬ್ಲೂಸ್, ಇ ಶ್ರುತಿ. ಸ್ವರಮೇಳಗಳು (ಕಾರ್ಡ್) ಬರುವ ಕ್ರಮ: ಇ ನಾಲ್ಕು ಬಾರ್, ಎ ಎರಡು, ಇ ಎರಡು, ಬಿ ಒಂದು, ಎ ಒಂದು, ಮತ್ತೆ ಇ ಎರಡು. ಆರಂಭದ ಎಲೆಕ್ಟ್ರಿಕ್ ಪಿಯಾನೋ ಕೇಳುತ್ತಾ ಬೆರಳಲ್ಲಿ ಎಣಿಸಿ. ಐದನೇ ಬಾರ್‌ನಲ್ಲಿ ನೆಲೆ ಬದಲಾಗುವುದು ಕಿವಿಗೆ ಹತ್ತಬೇಕು. ಚರ್ಚು ಕಾಣಿಸುವುದು ಕೊನೆಗೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಕೂತವರು ತಿರುಗಿ ಹೇಳುವಂತೆ, ರೇ ಎಳೆದ ದನಿಯನ್ನು ಅವರ ಹಿನ್ನೆಲೆ ಗಾಯಕಿಯರ ತಂಡ ರೇಲೆಟ್ಸ್‌ನ ಹೆಂಗಸರು ಎತ್ತಿಕೊಳ್ಳುತ್ತಾರೆ. ಅಲ್ಲಿ ಪದವೇ ಇಲ್ಲ, ಬರೀ ನರಳಿಕೆ. ಕೆಲವು ರೇಡಿಯೋಗಳು ಹಾಡನ್ನು ನಿಷೇಧಿಸಿದ್ದು ಅದಕ್ಕೇ. ಏಳು ನಿಮಿಷ ದಾಟಿದ ಹಾಡು ಸಣ್ಣ ರೆಕಾರ್ಡಿನ ಒಂದು ಮುಖಕ್ಕೆ ಹಿಡಿಸದು. ಎಂಜಿನಿಯರ್ ಟಾಮ್ ಡೌಡ್ ಕತ್ತರಿಸಿ ಎರಡು ಮುಖಕ್ಕೆ ಹಂಚಿದರು. ಒಂದೇ ಮುಖ ಕೇಳಿ ಟಿಪ್ಪಣಿ ಬರೆದರೆ ಅರ್ಧ ಹಾಡು ತಪ್ಪುತ್ತದೆ.

ಅದೇ ವರ್ಷ ರೇ ಅಟ್ಲಾಂಟಿಕ್ ರೆಕಾರ್ಡ್ ಕಂಪನಿ ಬಿಟ್ಟು ಎಬಿಸಿ-ಪ್ಯಾರಾಮೌಂಟ್ ಸೇರಿದರು. ಒಪ್ಪಂದದಲ್ಲಿ ನೋಡಬೇಕಾದದ್ದು ಹಣಕ್ಕಿಂತ ಮಾಸ್ಟರ್ ಟೇಪುಗಳ (ಮೂಲ ಮುದ್ರಿಕೆಗಳ) ಒಡೆತನ. ಆ ಕಾಲದ ಕರಿಯ ಕಲಾವಿದರಿಗೆ ಅದು ದಕ್ಕುತ್ತಿದ್ದುದು ತೀರ ಅಪರೂಪ. ಏನು ಹಾಡಬೇಕೆಂಬ ಆಯ್ಕೆಯೂ ಅವರದೇ ಆಯಿತು. ಹಾಗಾಗಿಯೇ 1962ರಲ್ಲಿ, ಕಂಪನಿಯವರು ಹಿಂದೇಟು ಹಾಕಿದರೂ, ಬಿಳಿಯರದೆನಿಸಿದ್ದ ಕಂಟ್ರಿ (ಹಳ್ಳಿಗಾಡಿನ ಧಾಟಿಯ) ಹಾಡುಗಳ ಆಲ್ಬಂ ತಂದರು. ಅದರ ‘ಐ ಕಾಂಟ್ ಸ್ಟಾಪ್ ಲವಿಂಗ್ ಯು’ 5 ವಾರ ಪಾಪ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು.