ಡಾಕಿಂಗ್ ಅಂದರೆ ಸಾಬೀತಲ್ಲ

"ಈ ಕಷಾಯದಲ್ಲಿರುವ ಅಂಶ ವೈರಸ್ಸನ್ನು ತಡೆಯುತ್ತದೆ ಎಂದು ಡಾಕಿಂಗ್‌ನಲ್ಲಿ ಸಾಬೀತಾಗಿದೆ." ಕೊರೊನಾ ಕಾಲದಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಮೃತಬಳ್ಳಿ, ಅರಿಶಿನ, ತುಳಸಿ ಎಂದು ಹೆಸರು ಬದಲಾಗುತ್ತದೆ, 'ಸಾಬೀತು' ಮಾತ್ರ ಬದಲಾಗುವುದಿಲ್ಲ. ಗಿಡಮೂಲಿಕೆಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಒಂದು ಪದದ ಬಗ್ಗೆ.

ಡಾಕಿಂಗ್ ಒಂದು ಕಂಪ್ಯೂಟರ್ ಲೆಕ್ಕ. ವೈರಸ್ಸಿನ ಪ್ರೋಟೀನಿನ ರಚನೆ ಗೊತ್ತಿದ್ದರೆ, ಅದರಲ್ಲಿರುವ ಗುಳಿಯೊಳಗೆ ಒಂದು ಅಣು ಹೇಗೆ ಕೂರಬಹುದು, ಎಷ್ಟು ಬಿಗಿಯಾಗಿ ಕೂರಬಹುದು ಅಂತ ಅಂದಾಜು ಮಾಡಿ ಅಂಕ ಕೊಡುತ್ತದೆ. ಸಾವಿರಾರು ಅಣುಗಳಲ್ಲಿ ಯಾವುದನ್ನು ಮೊದಲು ಲ್ಯಾಬಿಗೆ ಒಯ್ಯಬೇಕು ಅಂತ ಆರಿಸೋಕೆ ಬಹಳ ಉಪಯೋಗ. ಆದರೆ ಯಾವ ಅಣು ಕೊಟ್ಟರೂ ಅದು ಏನಾದರೂ ಅಂಕ ಕೊಡುತ್ತದೆ. ಅಣು ದೊಡ್ಡದಾಗಿದ್ದರೆ ಸುಮ್ನೆ ಅಷ್ಟಕ್ಕೇ ಜಾಸ್ತಿ ಅಂಕ ಬರುವುದೂ ಉಂಟು.

ರಚನೆ ನೋಡಿ ಔಷಧಿ ಮಾಡುವ ಕೆಲಸ ನಿಜಕ್ಕೂ ಹೇಗಿರುತ್ತದೆ ಅನ್ನುವುದಕ್ಕೆ ಫ್ಲೂ ವೈರಸ್ಸಿನ ನ್ಯೂರಮಿನಿಡೇಸ್ ನೋಡಿ. ಹೊಸದಾಗಿ ಹುಟ್ಟಿದ ವೈರಸ್‌ಗಳನ್ನು ಜೀವಕೋಶದಿಂದ ಬಿಡಿಸಿ ಕಳಿಸುವ ಪ್ರೋಟೀನ್ ಇದು. ಇದರ ರಚನೆ 1983ರಲ್ಲಿ ಆಸ್ಟ್ರೇಲಿಯಾದ ಪೀಟರ್ ಕೋಲ್ಮನ್ ಮತ್ತು ಸಂಗಡಿಗರಿಂದ ಹೊರಬಂತು. ಡಾನಾ ಎಂಬ ಅಣು ಇದನ್ನು ಸ್ವಲ್ಪ ತಡೆಯುತ್ತದೆ ಅಂತ ಮೊದಲೇ ಗೊತ್ತಿತ್ತು. ಆದರೆ ಹಿಡಿತ ಸಡಿಲ. ರಚನೆಯಲ್ಲಿ ಡಾನಾ ಕೂರುವ ಜಾಗ ನೋಡಿದರೆ, ಅದರ ನಾಲ್ಕನೇ ಕಾರ್ಬನ್ನಿನ ಹೈಡ್ರಾಕ್ಸಿಲ್ (OH) ಗುಂಪಿನ ಹತ್ತಿರ ಖಾಲಿ ಜಾಗ, ಅಲ್ಲೇ ಪ್ರೋಟೀನಿನ ಭಾಗವಾದ, ನೆಗೆಟಿವ್ ಚಾರ್ಜ್ ಇರುವ ಗ್ಲುಟಮಿಕ್ ಆಮ್ಲ ಎಂಬ ಅಮೈನೋ ಆಮ್ಲ. ಆ ಹೈಡ್ರಾಕ್ಸಿಲ್ ತೆಗೆದು, ಪಾಸಿಟಿವ್ ಚಾರ್ಜ್ ಇರುವ ಗ್ವಾನಿಡೀನ್ ಗುಂಪನ್ನು ಕೂರಿಸಿದರು. ಹಿಡಿತ ಸಾವಿರಾರು ಪಟ್ಟು ಹೆಚ್ಚಿತು. ಇದು ಪ್ರೋಟೀನಿನ ಮೇಲೇ ಅಳೆದು ಕಂಡದ್ದು.

ಅದೇ ಜನಾಮಿವಿರ್. ಕಂಪ್ಯೂಟರ್ ಲೆಕ್ಕ ಇಲ್ಲೂ ದಾರಿ ತೋರಿಸಿತ್ತು. ಆದರೂ ಅಣುವಿನ ವಿವರ ಪ್ರಕಟವಾಗಿದ್ದು 1993ರಲ್ಲಿ, ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ನಡುವೆ ಪ್ರಾಣಿಗಳ ಮೇಲೆ, ಮನುಷ್ಯರ ಮೇಲೆ ಪರೀಕ್ಷೆಗಳಾದವು. ಇಷ್ಟು ಚೆನ್ನಾಗಿ ಕೂರುವ ಅಣು ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಅದಕ್ಕೇ ಪುಡಿಯಾಗಿ ಉಸಿರಲ್ಲಿ ಎಳೆದುಕೊಳ್ಳಬೇಕು. ಗುಳಿಯೊಳಗಿನ ಅಂಕ ಇದನ್ನು ಹೇಳುವುದಿಲ್ಲ, ಅಲ್ವಾ?

ನುಂಗಬಹುದಾದ ಒಸೆಲ್ಟಾಮಿವಿರ್, ಅಂದರೆ ನಮಗೆಲ್ಲ ಗೊತ್ತಿರುವ ಟಾಮಿಫ್ಲೂ, ಕೂರಬೇಕಾದರೆ ಗುಳಿಯಲ್ಲಿರುವ ಒಂದು ಗ್ಲುಟಮಿಕ್ ಆಮ್ಲ ಸ್ವಲ್ಪ ಹೊರಳಿ ಜಾಗ ಬಿಡಬೇಕು. ಎಚ್1ಎನ್1 ವೈರಸ್ಸಿನಲ್ಲಿ ಈ ಪ್ರೋಟೀನಿನ 275ನೇ ಜಾಗದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಬದಲು ಟೈರೋಸಿನ್ ಎಂಬ ಇನ್ನೊಂದು ಬಂದರೆ ಆ ಹೊರಳುವಿಕೆಗೆ ಅಡ್ಡಿ, ಔಷಧಿ ನಾಟುವುದಿಲ್ಲ. ಜನಾಮಿವಿರ್‌ಗೆ ಅಲ್ಲಿ ಆ ಜಾಗ ಬೇಕಿಲ್ಲ, ಹಾಗಾಗಿ ಅದು ಕೆಲಸ ಮಾಡುತ್ತದೆ.

ಕೊರೊನಾಕ್ಕೆ ಬಂದ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ನಿರ್ಮಾಟ್ರೆಲ್ವಿರ್ ಕೂಡ ವೈರಸ್ಸಿನ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ರಚನೆ ನೋಡಿಯೇ ತಿದ್ದಿದ ಅಣು. ಆದರೆ ಇಲ್ಲೂ ಚೆನ್ನಾಗಿ ಕೂತರಷ್ಟೇ ಸಾಲದು: ಅದೊಂದನ್ನೇ ನುಂಗಿದರೆ ಲಿವರ್ ಅದನ್ನು ಬೇಗ ಒಡೆದುಹಾಕುತ್ತದೆ. ಅದನ್ನು ನಿಧಾನ ಮಾಡಲು ರಿಟೋನಾವಿರ್ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ.