ಓದುಗರ ಪ್ರಶ್ನೆ: ಮಗ ಸೇರಿದ್ದು ‘ಕ್ಲಬ್’ ಲಕ್ರಾಸ್ ಟೀಮ್. ಅದು ಕಾಲೇಜಿನ ಟೀಮ್ ಅಲ್ವಾ?

“ಮಗ ಕ್ಯಾಲಿಫೋರ್ನಿಯಾದಲ್ಲಿ ಡಿಗ್ರಿ ಮೊದಲ ವರ್ಷ. ಕಾಲೇಜಿನ ಲಕ್ರಾಸ್ ಟೀಮ್‌ಗೆ ಸೆಲೆಕ್ಟ್ ಆದೆ ಅಂತ ಖುಷಿಯಿಂದ ಫೋನ್ ಮಾಡಿದ. ಮುಂದಿನ ವಾರವೇ ಟೀಮ್ ಫೀಸ್ ಕಟ್ಟಬೇಕು ಅಂದ. ಕಾಲೇಜಿನ ಹೆಸರಲ್ಲಿ ಆಡೋ ಹುಡುಗರು ಕೈಯಿಂದ ಯಾಕೆ ದುಡ್ಡು ಹಾಕಬೇಕು? ಇದು ನಿಜವಾದ ಟೀಮಾ, ಇಲ್ಲ ಸುಮ್ನೆ ಹುಡುಗರ ಗುಂಪಾ?”

ನನ್ನ ಅಕ್ಕನೂ ಇದನ್ನೇ ಕೇಳಿದ್ದಳು. ಅವಳ ಮಗನೂ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಟೀಮ್‌ನಲ್ಲಿ ಆಡಿದವನು. (ಲಕ್ರಾಸ್ ಅಂದರೆ ತುದಿಯಲ್ಲಿ ಬಲೆ ಇರುವ ಕೋಲಿನಿಂದ ಚೆಂಡು ಹಿಡಿದು, ಎಸೆದು, ಗೋಲು ಹೊಡೆಯುವ ಆಟ.) ಹಾಗಾಗಿ ನೇರವಾಗಿ ಹೇಳುತ್ತೇನೆ: ಅದು ನಿಜವಾದ ಟೀಮೇ. ಖರ್ಚು ಹೊರುವವರು, ನಡೆಸುವವರು ಮಾತ್ರ ಬೇರೆ.

ಅಮೆರಿಕದ ಕಾಲೇಜುಗಳಲ್ಲಿ ಎರಡು ಬಗೆಯ ಟೀಮ್ ಇರುತ್ತವೆ. ‘ವಾರ್ಸಿಟಿ’ ಟೀಮ್ ಕಾಲೇಜಿನ ಕ್ರೀಡಾ ವಿಭಾಗದ್ದು. ಕೋಚ್‌ಗೆ ಸಂಬಳ, ಪ್ರಯಾಣ, ಊಟ, ಎಷ್ಟೋ ಕಡೆ ಆಟಗಾರರಿಗೆ ಸ್ಕಾಲರ್‌ಶಿಪ್, ಎಲ್ಲವೂ ಕಾಲೇಜಿನ ಲೆಕ್ಕ. ‘ಕ್ಲಬ್’ ಟೀಮ್‌ಗೆ ಕಾಲೇಜು ಹೆಸರು, ಬಣ್ಣ, ಮೈದಾನ ಕೊಡುತ್ತದೆ. ಜೊತೆಗೆ ಒಂದಿಷ್ಟು ಹಣ ಸಿಕ್ಕರೂ ಸಿಗಬಹುದು. ಉಳಿದದ್ದೆಲ್ಲ ಹುಡುಗರದ್ದೇ ಜವಾಬ್ದಾರಿ.

ಉತ್ತರ ಕ್ಯಾಲಿಫೋರ್ನಿಯಾ ಭಾಗದ ಕ್ಲಬ್ ಟೀಮುಗಳ ಲೀಗ್ ಹೆಸರು ವೆಸ್ಟರ್ನ್ ಕಾಲೇಜಿಯೇಟ್ ಲಕ್ರಾಸ್ ಲೀಗ್. ಬರ್ಕ್ಲಿ, ಸ್ಟ್ಯಾನ್‌ಫರ್ಡ್, ಡೇವಿಸ್, ಸಾಂತಾ ಕ್ಲಾರಾ, ಸಾಂತಾ ಕ್ರೂಜ್, ಚಿಕೋ, ಸೊನೋಮಾ, ಬೆಟ್ಟದ ಆಚೆ ನೆವಾಡಾ ರಾಜ್ಯದ ರೀನೋ, ಇವೆಲ್ಲ ಇದರಲ್ಲಿ ಆಡಿದ ಟೀಮುಗಳು. ಇಂಥ ಪ್ರಾದೇಶಿಕ ಲೀಗುಗಳು ದೇಶದ ತುಂಬ ಇವೆ. ಇವೆಲ್ಲ ಸೇರುವ ಸಂಸ್ಥೆಗೆ ಎಂಸಿಎಲ್ಎ (ಮೆನ್ಸ್ ಕಾಲೇಜಿಯೇಟ್ ಲಕ್ರಾಸ್ ಅಸೋಸಿಯೇಷನ್) ಅಂತ ಹೆಸರು. ಲೀಗ್ ಗೆದ್ದವರು ಮೇ ತಿಂಗಳ ರಾಷ್ಟ್ರೀಯ ಟೂರ್ನಿಗೆ ಹೋಗುತ್ತಾರೆ. ಆ ಟೂರ್ನಿ ಶುರುವಾಗಿದ್ದು 1997ರಲ್ಲಿ. ಮರುವರ್ಷವೇ ಬರ್ಕ್ಲಿ ಗೆದ್ದಿತು, 2002ರಲ್ಲಿ ಪುಟ್ಟ ಸೊನೋಮಾ ಗೆದ್ದಿತು.

ಹಾಗಾದರೆ ಸ್ಟ್ಯಾನ್‌ಫರ್ಡ್, ಬರ್ಕ್ಲಿಯಂಥ ಶ್ರೀಮಂತ ವಿಶ್ವವಿದ್ಯಾಲಯಗಳಲ್ಲಿ ಲಕ್ರಾಸ್ ಯಾಕೆ ಕ್ಲಬ್ ಆಟ? ವಿಷಯದ ತಿರುಳು ಇಲ್ಲೇ ಇರುವುದು. ಎರಡೂ ಕಡೆ ಹುಡುಗಿಯರ ಲಕ್ರಾಸ್ ವಾರ್ಸಿಟಿ, ಹುಡುಗರದ್ದು ಕ್ಲಬ್! 1972ರಲ್ಲಿ ‘ಟೈಟಲ್ ನೈನ್’ ಅನ್ನೋ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಕಾಲೇಜುಗಳು ಗಂಡು-ಹೆಣ್ಣು ಅಂತ ಭೇದ ಮಾಡುವಂತಿಲ್ಲ, ಆಟದ ಅವಕಾಶದಲ್ಲೂ ಅಷ್ಟೆ. ಅಮೆರಿಕನ್ ಫುಟ್‌ಬಾಲ್ ಟೀಮ್ ಒಂದೇ ನೂರರ ಹತ್ತಿರ ಹುಡುಗರನ್ನು ತುಂಬಿಕೊಂಡುಬಿಡುತ್ತದೆ. ಅದರ ಮೇಲೆ ಹುಡುಗರಿಗೆ ಇನ್ನೊಂದು ದೊಡ್ಡ ಟೀಮ್ ಕಟ್ಟಿದರೆ, ಹುಡುಗಿಯರಿಗೂ ಅಷ್ಟೇ ಜಾಗ ಹೆಚ್ಚಿಸಬೇಕು. ಇದನ್ನು ಕೇಳಿ ಕಾನೂನನ್ನು ಬೈಯುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಆ ಕಾನೂನು ಇಲ್ಲದಿದ್ದರೆ ನಮ್ಮ ಎಷ್ಟೋ ಹೆಣ್ಣುಮಕ್ಕಳು ಮೈದಾನದ ಹೊರಗೇ ಉಳಿಯುತ್ತಿದ್ದರು. ಜಾಗ ತಿಂದದ್ದು ಫುಟ್‌ಬಾಲ್.

ಇನ್ನೊಂದು ಕಾರಣ ದೂರ. ಹುಡುಗರ ವಾರ್ಸಿಟಿ ಟೀಮುಗಳಲ್ಲಿ ಹೆಚ್ಚಿನವು ಪೂರ್ವ ಕರಾವಳಿಯ ಕಡೆ ಇವೆ. ಕ್ಯಾಲಿಫೋರ್ನಿಯಾದಿಂದ ಹೆಚ್ಚಿನ ಮ್ಯಾಚುಗಳಿಗೆ ವಿಮಾನ ಹತ್ತಬೇಕು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಲಕ್ರಾಸ್‌ಗೆ ಮತ್ತೆ ಪದಕ ಕೊಡುತ್ತಾರೆ, 1908ರ ನಂತರ ಇದೇ ಮೊದಲು. ಆದರೆ ಅದೇ ಕ್ಯಾಲಿಫೋರ್ನಿಯಾದ ಯಾವ ವಿಶ್ವವಿದ್ಯಾಲಯದಲ್ಲೂ ಹುಡುಗರಿಗೆ ಡಿವಿಷನ್ ಒನ್, ಅಂದರೆ ಅತಿ ಮೇಲಿನ ದರ್ಜೆಯ, ವಾರ್ಸಿಟಿ ಲಕ್ರಾಸ್ ಟೀಮ್ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಕ್ಲಬ್ ಅಂದ ಮಾತ್ರಕ್ಕೆ ಆಟ ಸಡಿಲ ಅಂದುಕೊಳ್ಳಬೇಡಿ. ಒಂದೊಂದು ಕಡೆ ಹತ್ತು ಜನ, 15 ನಿಮಿಷದ ನಾಲ್ಕು ಭಾಗ. ನಿಯಮಗಳು ಹೆಚ್ಚುಕಡಿಮೆ ವಾರ್ಸಿಟಿಯವೇ. ಮಿಷಿಗನ್ ವಿಶ್ವವಿದ್ಯಾಲಯದ ಕ್ಲಬ್ ಟೀಮ್ 2008, 2009, 2010, ಮೂರು ವರ್ಷ ಸತತ ರಾಷ್ಟ್ರೀಯ ಟೂರ್ನಿ ಗೆದ್ದಿತು. 2012ರ ಸೀಸನ್‌ಗೆ ಅದನ್ನೇ ವಾರ್ಸಿಟಿ ಮಾಡಿದರು.

ಈಗ ದುಡ್ಡಿನ ಮಾತು. ಫೀಸ್ ಟೀಮ್‌ನಿಂದ ಟೀಮ್‌ಗೆ ಬೇರೆ, ವರ್ಷಕ್ಕೆ ಸಾವಿರ ಡಾಲರ್ ದಾಟುವುದು ಮಾಮೂಲಿ. ಕೋಚ್, ರೆಫರಿ, ಬಸ್ಸು, ಹೋಟೆಲು, ಲೀಗ್ ಶುಲ್ಕ, ಎಲ್ಲ ಇದರಲ್ಲೇ ಆಗಬೇಕು. ಹೆಲ್ಮೆಟ್, ಗ್ಲೌಸು, ಕೋಲು ಎಷ್ಟೋ ಕಡೆ ಬೇರೆ ಖರ್ಚು.

ಅಕ್ಕನ ಮಗ ಮೂರನೇ ವರ್ಷದಲ್ಲಿ ಟೀಮ್ ಖಜಾಂಚಿ ಆಗಿದ್ದ. ಒಂದು ಸಂಜೆ ಅವನ ರೂಮಿಗೆ ಹೋದಾಗ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಬಸ್ ಕಂಪನಿಯವರ ಜೊತೆ ಚೌಕಾಸಿ ಮಾಡುತ್ತಿದ್ದ. ರೀನೋಗೆ ಹೋಗಬೇಕಿತ್ತು. ಫೆಬ್ರವರಿ ತಿಂಗಳು. ಘಾಟಿಯಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದರೆ ಮುಂಗಡ ವಾಪಸ್ ಕೊಡ್ತೀರಾ ಅಂತ ಕೇಳುತ್ತಿದ್ದ. ಕೈಗಳು ಮಾತ್ರ ಸುಮ್ಮನಿರಲಿಲ್ಲ. ತೊಡೆ ಮೇಲೆ ಲಕ್ರಾಸ್ ಕೋಲು. ಅದರ ತುದಿಯ ಬಲೆಯಲ್ಲಿ ಒಂದು ದಾರ ಸಡಿಲವಾಗಿತ್ತು. ಬಿಚ್ಚಿ, ತೂತಿಗೆ ಪೋಣಿಸಿ, ಹಲ್ಲಲ್ಲಿ ಕಚ್ಚಿ ಎಳೆದು ಬಿಗಿ ಮಾಡಿದ. ರಬ್ಬರ್ ಚೆಂಡು ಹಾಕಿ ಎರಡು ಸಲ ಕುಲುಕಿ ನೋಡಿದ. ಚೆಂಡು ಅಲ್ಲಾಡದೆ ಕೂತಿತು. ಅಷ್ಟರಲ್ಲಿ ಬಸ್ಸಿನವರೂ ಒಪ್ಪಿದ್ದರು. “ಚಿಕ್ಕಮ್ಮ, ಇನ್ನೂರು ಡಾಲರ್ ಉಳೀತು!” ಅಂದ. ಮನೆಯಲ್ಲಿ ಕರೆಂಟ್ ಬಿಲ್ ಕಟ್ಟೋದು ಹೇಗೆ ಅಂತಲೂ ಗೊತ್ತಿಲ್ಲದ ಹುಡುಗ ಅವನು.

ನೀವು ದುಡ್ಡು ಕಟ್ಟುವ ಮೊದಲು ಟೀಮ್ ಬಜೆಟ್ ಹಾಳೆ ತೋರಿಸು ಅಂತ ಮಗನನ್ನು ಕೇಳಿ, ತಪ್ಪೇನಿಲ್ಲ. ಫೀಸ್ ಕಂತಿನಲ್ಲಿ ಕಟ್ಟಬಹುದಾ, ಕಷ್ಟ ಇರುವವರಿಗೆ ರಿಯಾಯಿತಿ ಇದೆಯಾ, ಮಧ್ಯದಲ್ಲಿ ಬಿಟ್ಟರೆ ವಾಪಸ್ ಎಷ್ಟು ಅಂತ ವಿಚಾರಿಸಿ. ಪೆಟ್ಟು ಬಿದ್ದರೆ ಯಾವ ಇನ್ಶೂರೆನ್ಸ್ ಅನ್ನೋದನ್ನಂತೂ ಮರೆಯಲೇಬೇಡಿ, ಇದು ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಮ್ಯಾಚುಗಳು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ವಾರದ ಕೊನೆಯಲ್ಲಿ. ಆ ತಿಂಗಳುಗಳಲ್ಲಿ ಮಗನನ್ನು ನೋಡಲು ಹೋಗುವುದಾದರೆ ಒಂದು ಮಡಚುವ ಕುರ್ಚಿ, ಒಂದು ಟೋಪಿ ಜೊತೆಗಿರಲಿ. ಎಷ್ಟೋ ಮೈದಾನಗಳಲ್ಲಿ ಕೂರೋಕೆ ಜಾಗ ಇರುವುದಿಲ್ಲ.