ತೋಶಿ ನೋ ಸಾ: ವಯಸ್ಸಿನ ಅಂತರಾನಾ, ಆಯಸ್ಸಿನ ಅಂತರಾನಾ?

ದೆವ್ವ, ಕಾಡಿನ ಆತ್ಮ, ನರಿ ರೂಪದ ದೈವ ಇವೆಲ್ಲ ಇರೋ ಲವ್ ಸ್ಟೋರಿ ಅನಿಮೆ (ಜಪಾನಿನ ಆನಿಮೇಷನ್) ಬಗ್ಗೆ ಎಲ್ಲಿ ಮಾತು ಶುರುವಾದ್ರೂ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಅವಳಿಗೆ 17 ಅವನಿಗೆ 500, ಇದೆಂಥ ಏಜ್ ಗ್ಯಾಪ್ ಅಂತ. ಜಪಾನಿ ಭಾಷೇಲಿ ಈ ಏಜ್ ಗ್ಯಾಪ್‌ಗೆ ಇರೋ ಮಾತು ತೋಶಿ ನೋ ಸಾ. ತೋಶಿ ಅಂದ್ರೆ ವರ್ಷಾನೂ ಹೌದು ವಯಸ್ಸೂ ಹೌದು, ಸಾ ಅಂದ್ರೆ ವ್ಯತ್ಯಾಸ, ಮಧ್ಯದ ನೋ ನಮ್ಮ "ವಯಸ್ಸಿನ" ಅನ್ನೋದ್ರಲ್ಲಿ ಕೊನೇಗೆ ಬರೋ "ಇನ" ಥರ ಕೆಲಸ ಮಾಡುತ್ತೆ. ಅಲ್ಲಿ ಇದು ದಿನನಿತ್ಯದ ಮಾತೇ, ಗಂಡ ಹೆಂಡತಿ ಮಧ್ಯೆ ಹದಿನೈದು ಇಪ್ಪತ್ತು ವರ್ಷ ಅಂತರ ಇದ್ರೆ ಆ ಮದುವೆಗೆ ತೋಶಿ ನೋ ಸಾ ಕೊನ್ ಅಂತ ಹೆಸರೇ ಇದೆ, ಸಿನಿಮಾದವರು ಅಂಥ ಮದುವೆ ಆದ್ರೆ ಪೇಪರ್‌ನವರು ಇದೇ ಪದ ಬಳಸ್ತಾರೆ.

ಆದ್ರೆ ಮನುಷ್ಯಳೊಬ್ಬಳು ಆತ್ಮವೊಂದನ್ನ ಪ್ರೀತಿಸೋ ಕಥೆಗೆ ಈ ಪದ ಪೂರ್ತಿ ಕೂರಲ್ಲ ಅಂತ ನಂಗೆ ತುಂಬಾ ದಿನದಿಂದ ಅನ್ಸಿದೆ. ಯಾಕೆ ಅಂದ್ರೆ ಅಲ್ಲಿ ಸಂಕಟ ಇರೋದು ಅವನು ಎಷ್ಟು ವರ್ಷ ಬದುಕಿದಾನೆ ಅನ್ನೋದ್ರಲ್ಲಿ ಅಲ್ಲ, ಇನ್ನೆಷ್ಟು ವರ್ಷ ಬದುಕ್ತಾನೆ ಅನ್ನೋದ್ರಲ್ಲಿ. ಇದಕ್ಕೆ ಕನ್ನಡದಲ್ಲಿ ಎರಡು ಬೇರೆ ಬೇರೆ ಪದ ಇವೆ ನೋಡಿ, ವಯಸ್ಸು ಮತ್ತು ಆಯಸ್ಸು. ಕಳೆದದ್ದು ವಯಸ್ಸು, ಹಣೇಲಿ ಬರೆದದ್ದು ಆಯಸ್ಸು. ಯಾರ ಬಗ್ಗೆನೋ ಮಾತಾಡ್ತಿರುವಾಗ ಅವರೇ ಬಾಗಿಲಲ್ಲಿ ಬಂದು ನಿಂತ್ರೆ "ನಿಂಗೆ ನೂರು ವರ್ಷ ಆಯಸ್ಸು ಕಣೋ" ಅಂತೀವಿ, ಅಲ್ಲಿ ವಯಸ್ಸು ಅಂತ ಯಾರೂ ಹೇಳಲ್ಲ. ಅಜ್ಜಿ ತಲೆ ಸವರಿ "ನನ್ನ ಆಯಸ್ಸೂ ನಿಂಗೇ ಇರ್ಲಿ ಮಗಾ" ಅಂದಾಗ ಕೊಡ್ತಿರೋದು ತನ್ನ ಎಪ್ಪತ್ತೆಂಟು ವರ್ಷಾನಲ್ಲ, ಮುಂದೆ ಉಳಿದಿರೋದನ್ನ. ಜಪಾನೀಲಿ ಆಯಸ್ಸಿಗೆ ಜುಮ್ಯೋ ಅಂತಾರೆ, ಅದಕ್ಕೂ ಅದೇ ಸಾ ಸೇರಿಸಿದ್ರೆ ಜುಮ್ಯೋ ಸಾ, ಆಯಸ್ಸಿನ ಅಂತರ. ಈ ಥರದ ಅನಿಮೆಗಳಿಗೆ ಸರಿಯಾಗಿ ಹೊಂದೋ ಪದ ಇದೇ.

ನಂಗೆ ಇದು ಮೊದಲು ಸ್ಪಷ್ಟ ಆಗಿದ್ದು ಹೊತಾರುಬಿ ನೋ ಮೊರಿ ಎ ನೋಡುವಾಗ. ಯೂಕಿ ಮಿದೊರಿಕಾವಾ ಅವರ ಸಣ್ಣ ಮಾಂಗಾ (ಜಪಾನಿ ಕಾಮಿಕ್ಸ್) ಕಥೆ, ತಕಾಹಿರೊ ಒಮೊರಿ ನಿರ್ದೇಶನದಲ್ಲಿ 2011ರಲ್ಲಿ ಸಿನಿಮಾ ಆಯ್ತು, ಮುಕ್ಕಾಲು ಗಂಟೆನೂ ದಾಟಲ್ಲ. (ಮುಂದೆ ಕಥೆ ಪೂರ್ತಿ ಬರುತ್ತೆ, ನೋಡದೇ ಇರೋರು ಮೊದಲು ನೋಡ್ಕೊಂಡು ಬನ್ನಿ.) ಬೇಸಿಗೆ ರಜೆಗೆ ತಾತನ ಊರಿಗೆ ಬಂದ 6 ವರ್ಷದ ಹೊತಾರು ಮಲೆದೇವರ ಕಾಡಲ್ಲಿ ದಾರಿ ತಪ್ತಾಳೆ, ನರಿ ಮುಖವಾಡ ಹಾಕಿದ ಹುಡುಗ ಗಿನ್ ಸಿಗ್ತಾನೆ, ಮನುಷ್ಯರು ಮುಟ್ಟಿದ್ರೆ ಅವನು ಮಾಯ ಆಗಿಬಿಡ್ತಾನೆ. ಅವಳು ಖುಷಿಗೆ ತಬ್ಕೊಳ್ಳೋಕೆ ಓಡಿ ಬಂದ್ರೆ ಕೋಲಲ್ಲಿ ತಲೆಗೆ ಬಡೀತಾನೆ, ಆಮೇಲೆ ಕೋಲಿನ ಒಂದು ತುದಿ ಅವಳ ಕೈಗೆ ಕೊಟ್ಟು ಇನ್ನೊಂದು ತುದಿ ತಾನು ಹಿಡ್ಕೊಂಡು ಕಾಡಿಂದ ಆಚೆ ಕರ್ಕೊಂಡು ಹೋಗ್ತಾನೆ. ಆ ಕೋಲಿನ ಉದ್ದಾನೇ ಅವರಿಬ್ಬರ ಮಧ್ಯೆ ಇರೋ ದೂರ ಅಂತ ಎರಡನೇ ಸಲ ನೋಡಿದಾಗ ಹೊಳೀತು.

ಪ್ರತಿ ಬೇಸಿಗೆ ಅವಳು ಬರ್ತಾಳೆ, ಪ್ರತಿ ಸಲ ಸ್ವಲ್ಪ ಎತ್ತರ ಆಗಿರ್ತಾಳೆ, ಅವನು ಮಾತ್ರ ಹೋದ ವರ್ಷ ಇದ್ದಷ್ಟೇ. ಒಂದು ವರ್ಷ ಶಾಲೆ ಯೂನಿಫಾರ್ಮ್ ಹಾಕ್ಕೊಂಡು ಬರ್ತಾಳೆ, ಹೈಸ್ಕೂಲ್ ಹೊತ್ತಿಗೆ ಇಬ್ರೂ ಒಂದೇ ವಯಸ್ಸಿನವರ ಥರ ಕಾಣ್ತಾರೆ. ಅಂದ್ರೆ ಇಲ್ಲಿ ಅಂತರ ಒಂದೇ ಕಡೆ ನಿಂತಿಲ್ಲ, ಒಬ್ರ ಗಡಿಯಾರ ಓಡ್ತಿದೆ ಇನ್ನೊಬ್ರದ್ದು ತೆವಳ್ತಿದೆ, ಮಧ್ಯೆ ಒಂದೋ ಎರಡೋ ಬೇಸಿಗೆ ಮಾತ್ರ ಎರಡೂ ಹತ್ರ ಬರುತ್ತೆ, ಅದಾದ್ಮೇಲೆ ಅವಳೇ ಅವನಿಗಿಂತ ದೊಡ್ಡೋಳಾಗಿ ಮುಂದೆ ಹೋಗಿಬಿಡ್ಬೇಕು. ಇದನ್ನ ಬರೀ ತೋಶಿ ನೋ ಸಾ ಅಂದ್ರೆ ಅರ್ಧ ಹೇಳಿದ ಹಾಗೆ. ಹೊತಾರು ಅಂದ್ರೆ ಮಿಂಚುಹುಳ ಅಂತ ಅರ್ಥ, ರೆಕ್ಕೆ ಬಂದ್ಮೇಲೆ ಅದು ಬದುಕೋದು ಒಂದೆರಡು ವಾರ, ಹೆಚ್ಚು ಆಯಸ್ಸಿರೋನ ಪಕ್ಕ ನಿಲ್ಲೋ ಹುಡುಗಿಗೆ ಇಟ್ಟ ಹೆಸರು ಅದು.

ನಮ್ಮ ಕಥೆಗಳಲ್ಲೂ ಇದಕ್ಕೆ ಹತ್ರದ್ದು ಇದೆ. ಕಕುದ್ಮಿ ರಾಜ ಮಗಳು ರೇವತಿಗೆ ಎಂಥ ವರ ನೋಡ್ಲಿ ಅಂತ ಕೇಳೋಕೆ ಅವಳನ್ನ ಬ್ರಹ್ಮಲೋಕಕ್ಕೆ ಕರ್ಕೊಂಡು ಹೋಗ್ತಾನೆ, ಅಲ್ಲಿ ಹಾಡು ಮುಗಿಯೋವರೆಗೆ ಒಂದು ಕ್ಷಣ ಕಾದಿದ್ದಕ್ಕೆ ಇಲ್ಲಿ 27 ಚತುರ್ಯುಗ ಕಳೆದಿರುತ್ತೆ ಅಂತ ಭಾಗವತ ಹೇಳುತ್ತೆ, ವಾಪಸ್ ಬಂದು ಬಲರಾಮನ್ನ ಮದುವೆ ಆಗ್ತಾಳೆ. ವಿಷ್ಣುಪುರಾಣದಲ್ಲಿ ಇನ್ನೂ ಚೆಂದದ ವಿವರ ಇದೆ, ಹಳೇ ಯುಗದವಳಾದ್ರಿಂದ ರೇವತಿ ತುಂಬಾ ಎತ್ತರ, ಬಲರಾಮ ನೇಗಿಲ ತುದಿಯಿಂದ ಅವಳನ್ನ ತಗ್ಗಿಸಿ ತನ್ನ ಕಾಲದವರ ಅಳತೆಗೆ ತರ್ತಾನೆ. ಲೆಕ್ಕಕ್ಕೆ ಅವಳು ಕೋಟ್ಯಂತರ ವರ್ಷ ಹಿರಿಯಳು, ಆದ್ರೆ ಅವಳ ಮೈಗೆ ಆ ವರ್ಷಗಳು ತಾಗೇ ಇಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳ್ಬೇಕು. ಕೆಲವು ಅನಿಮೆಲಿ ಪುಟ್ಟ ಮಗು ಥರ ಕಾಣೋ ಪಾತ್ರಾನ ರೊಮ್ಯಾನ್ಸಿಗೆ ಎಳೆದು, ಕೇಳಿದ್ರೆ ಅವಳಿಗೆ ಸಾವಿರ ವರ್ಷ ಅಂತಾರೆ, ಇದನ್ನ ನಾನು ಒಪ್ಪಲ್ಲ, ಆ ಸಾವಿರ ಅಲ್ಲಿ ನೆಪಕ್ಕೆ ಇಟ್ಟ ಸಂಖ್ಯೆ ಅಷ್ಟೇ. ಕೊರೆ ಯಾಮಾಜಾಕಿ ಅವರ ಮಾಹೋತ್ಸುಕಾಯ್ ನೋ ಯೋಮೆ ನಂಗೆ ಇಷ್ಟದ ಕಥೆ, ಆದ್ರೂ 15 ವರ್ಷದ ಚಿಸೆಯನ್ನ ಹರಾಜಲ್ಲಿ 50 ಲಕ್ಷ ಪೌಂಡ್ ಕೊಟ್ಟು ತಂದ ಮಾಂತ್ರಿಕ ಎಲಿಯಾಸ್ ಅವಳನ್ನ ಶಿಷ್ಯೆ ಅಂತಲೂ ಮುಂದೆ ವಧು ಅಂತಲೂ ಕರೆಯುವಾಗ ನಂಗೆ ಕಸಿವಿಸಿ ಆಗುತ್ತೆ, ಅವನು ಶತಮಾನಗಳನ್ನ ಕಂಡೋನು, ಅವಳಿಗೆ ಹೋಗೋಕೆ ಬೇರೆ ಮನೆ ಇಲ್ಲ. ಅಲ್ಲಿ ಅಂತರ ವಯಸ್ಸಿನದ್ದೂ ಅಲ್ಲ ಆಯಸ್ಸಿನದ್ದೂ ಅಲ್ಲ, ಯಾರ ಮಾತು ನಡೆಯುತ್ತೆ ಅನ್ನೋದ್ರದ್ದು. ಮನಸ್ಸಿನ ವಿಷಯದಲ್ಲಿ ಎಲಿಯಾಸೇ ಮಗು, ಹೊಟ್ಟೆಕಿಚ್ಚು ಅಂದ್ರೆ ಏನು ಅಂತಲೂ ಚಿಸೆನೇ ಕಲಿಸ್ಬೇಕು, ಆ ಕಥೆಯ ಜೀವ ಇರೋದು ಅಲ್ಲಿ.

ಕಾಮಿಸಾಮಾ ಹಾಜಿಮೆಮಾಶಿತಾ ಅನ್ನೋ ಇನ್ನೊಂದು ಕಥೇಲಿ ಇದೇ ಆಯಸ್ಸಿನ ಅಂತರಾನ ಬೇರೆ ಥರ ಬಿಡಿಸ್ತಾರೆ. ನರಿ ತೊಮೊಎ ನೂರಾರು ವರ್ಷ ಬದುಕಿದೋನು, ನಾನಾಮಿ ಹೈಸ್ಕೂಲ್ ಹುಡುಗಿ, ಮಾಂಗಾದ ಕೊನೇಲಿ ಅವನು ಮನುಷ್ಯನಾಗ್ತಾನೆ, ಅಂದ್ರೆ ವಯಸ್ಸು ಹಾಗೇ ಇಟ್ಕೊಂಡು ಆಯಸ್ಸನ್ನ ಬಿಟ್ಕೊಡ್ತಾನೆ.

ಹೊತಾರುಬಿ ಕಥೆಯ ಗಿನ್‌ಗೆ ಹಾಗೆ ಬಿಟ್ಕೊಡೋಕೂ ಆಗಲ್ಲ. ಅವನು ಹುಟ್ಟಿದ್ದು ಮನುಷ್ಯನಾಗೇ, ಕಾಡಲ್ಲಿ ಬಿಟ್ಟುಹೋದ ಕೂಸು, ಮಲೆದೇವರ ಮಂತ್ರದಿಂದ ಉಳಿದಿದ್ದು, ಅವನ ಆಯಸ್ಸು ಪೂರ್ತಿ ಕಡ ತಂದದ್ದು. ಕೊನೇ ಬೇಸಿಗೇಲಿ ಆತ್ಮಗಳ ಜಾತ್ರೆಗೆ ಇಬ್ರೂ ಮಣಿಕಟ್ಟಿಗೆ ಒಂದು ಬಟ್ಟೆ ಕಟ್ಕೊಂಡು ಹೋಗ್ತಾರೆ, ಅವಳಿಗೆ ಆರು ವರ್ಷ ಇದ್ದಾಗ ಕೋಲು ಇದ್ದ ಜಾಗದಲ್ಲಿ ಈಗ ಬಟ್ಟೆ. ವಾಪಸ್ ಬರುವಾಗ ಎಡವಿ ಬೀಳ್ತಿದ್ದ ಒಂದು ಮಗೂನ ಗಿನ್ ಹಿಡ್ಕೊಳ್ತಾನೆ, ಆ ಮಗು ಕದ್ದು ಜಾತ್ರೆಗೆ ಬಂದ ಮನುಷ್ಯರ ಮಗು. ಬೆರಳ ತುದಿ ಬೆಳಕಾಗಿ ಹಾರೋಕೆ ಶುರುವಾಗುತ್ತೆ, ಅವನು ಎರಡೂ ಕೈ ಚಾಚ್ತಾನೆ, ಮೊದಲ ದಿನ ಕೋಲೇಟು ತಿಂದ ಹುಡುಗಿ ಈಗ ಓಡಿ ಹೋಗಿ ತಬ್ಕೊಳ್ತಾಳೆ, ಕೈಯಲ್ಲಿ ಉಳಿಯೋದು ಅವನ ಬಟ್ಟೆ ಮತ್ತೆ ಆ ನರಿ ಮುಖವಾಡ.